ಕಾರಿನ ಒಳಗೆ ಸ್ವೇಡಾ, ಲೆದರಾ? ಮೊದಲು ಬೆವರನ್ನು ಕೇಳಿ

ಮೂರು ವರ್ಷದ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡೆ. ಸ್ಟೇರಿಂಗ್ ಮೇಲಿನ ಹೊದಿಕೆ ಸವೆದು ಹೋಗಿತ್ತು. ಅಂಗಡಿಯವರು ಮೊಬೈಲಿನಲ್ಲಿ ರೇಸ್ ಕಾರಿನ ಫೋಟೋ ತೋರಿಸಿ, "ಸ್ವೇಡ್ ಹಾಕ್ಸಿ ಸಾರ್, ಕೈಗೆ ಮಖಮಲ್ ಥರ ಇರುತ್ತೆ" ಎಂದರು. ಹಾಕಿಸಿದೆ. ಮೊದಲ ತಿಂಗಳು ನಿಜಕ್ಕೂ ಮಖಮಲ್ಲೇ. ವರ್ಷ ತುಂಬುವಷ್ಟರಲ್ಲಿ ನನ್ನ ಎರಡು ಅಂಗೈ ಕೂರುವ ಜಾಗ ಹಳೇ ದೋಸೆ ಕಾವಲಿಯ ಹಾಗೆ ಕಪ್ಪಗೆ, ನುಣ್ಣಗೆ ಹೊಳೆಯತೊಡಗಿತು. ರೇಸ್ ಓಡಿಸುವವರು ಕೈಗೆ ಗ್ಲೌಸ್ ಹಾಕಿರುತ್ತಾರೆ. ನಾನು ದಾರಿಯಲ್ಲಿ ಬೋಂಡಾ ತಿಂದು, ಪೇಪರಿಗೆ ಕೈ ಒರೆಸಿಕೊಂಡು ಓಡಿಸುವವನು. ಫೋಟೋ ನೋಡುವಾಗ ಇದು ಹೊಳೆಯಲಿಲ್ಲ, ಅಷ್ಟೇ.

ಅಂಗಡಿಗೆ ಹೋದರೆ ಮೊದಲು ಬಣ್ಣ ಕೇಳುತ್ತಾರೆ, ಆಮೇಲೆ ಡಿಸೈನ್, ಕೊನೆಗೆ ಬಜೆಟ್. ಮೈ ಎಲ್ಲಿ ತಾಗುತ್ತದೆ, ಕಾರು ಎಲ್ಲಿ ನಿಲ್ಲುತ್ತದೆ ಎಂದು ಯಾರೂ ಕೇಳುವುದಿಲ್ಲ. ನಮ್ಮ ಹವೆಗೆ ಅದೇ ಮೊದಲ ಪ್ರಶ್ನೆ. ಆದರೆ ಅದಕ್ಕೂ ಮುಂಚೆ ಒಂದು ಕೆಲಸ ಇದೆ.

ಹೆಜ್ಜೆ 1: ಹೆಸರಿಗೆ ಮರುಳಾಗಬೇಡಿ

ಸೀಟ್ ಕವರ್ ಅಂಗಡಿಯಲ್ಲಿ "ಲೆದರ್" ಅಂದರೆ ಹತ್ತಕ್ಕೆ ಒಂಬತ್ತು ಸಲ ಅದು ಚರ್ಮ ಅಲ್ಲ. ಆರ್ಟ್ ಲೆದರ್, ಪಿಯು ಲೆದರ್, ನಾಪಾ, ಲೆದರೆಟ್ ಎಂದೆಲ್ಲ ಕರೆಯುವುದು ಬಟ್ಟೆಯ ಮೇಲೆ ಪ್ಲಾಸ್ಟಿಕ್ ಪದರ ಹಚ್ಚಿದ ಮಾಲನ್ನು. ಪದರ ಪಿವಿಸಿಯದ್ದಾದರೆ ನಮ್ಮ ಹಳೇ ರೆಕ್ಸಿನ್. ಪಾಲಿಯುರೆಥೇನ್ ಆದರೆ ಪಿಯು. ನಾಪಾ ಎನ್ನುವುದು ನಿಜವಾಗಿ ಮೆತ್ತಗೆ ಹದ ಮಾಡಿದ ಚರ್ಮದ ಹೆಸರು. ಇಲ್ಲಿ ಅದು ಕವರಿನ ಮಾಡೆಲ್ ಹೆಸರಾಗಿಬಿಟ್ಟಿದೆ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ, ಮರ್ಸಿಡಿಸ್ ಕೂಡ ತನ್ನ ಕೃತಕ ಚರ್ಮವನ್ನು ಆರ್ಟಿಕೋ ಎಂಬ ಹೆಸರಲ್ಲಿ ಮಾರುತ್ತದೆ. ಚರ್ಮದ ದುಡ್ಡು ಕೊಟ್ಟು ರೆಕ್ಸಿನ್ ತರಬಾರದು ಅಷ್ಟೇ. ಮುಂದೆ ನಾನು ಚರ್ಮ ಎಂದರೆ ಅಸಲಿಯದ್ದು, ಲೆದರ್ ಎಂದರೆ ಅಸಲಿ, ಕೃತಕ ಎರಡೂ.

ಸ್ವೇಡ್ ಕಥೆ ಇನ್ನೊಂದು ಥರ. ಈ ಪದ ಹುಟ್ಟಿದ್ದು ಸ್ವೀಡನ್ ಎಂಬ ದೇಶದ ಹೆಸರಿನಿಂದ. ಫ್ರೆಂಚರು ಅಲ್ಲಿಂದ ಬರುತ್ತಿದ್ದ ಮೆತ್ತನೆಯ ಚರ್ಮದ ಗ್ಲೌಸುಗಳನ್ನು "ಸ್ವೀಡನ್ ಗ್ಲೌಸು" ಎನ್ನುತ್ತಿದ್ದರು. ಅಸಲಿ ಸ್ವೇಡ್ ಅಂದರೆ ಚರ್ಮದ ಒಳಮೈಯನ್ನು ಉಜ್ಜಿ ನವಿರು, ಅಂದರೆ ಮಖಮಲ್ಲಿನಂಥ ಸಣ್ಣ ಸಣ್ಣ ಎಳೆ, ಎಬ್ಬಿಸಿದ್ದು. ಕಾರಿನಲ್ಲಿ ನೋಡುವುದು ಹೆಚ್ಚಾಗಿ ಇದಲ್ಲ, ಇದರ ಕೃತಕ ತಮ್ಮ. 1970ರಲ್ಲಿ ಜಪಾನಿನ ಟೋರೆ ಕಂಪನಿಯಲ್ಲಿ ಮಿಯೋಶಿ ಒಕಾಮೊಟೊ ಎಂಬ ವಿಜ್ಞಾನಿ ಇದನ್ನು ಕಂಡುಹಿಡಿದರು. ಸಮುದ್ರದೊಳಗೆ ದ್ವೀಪಗಳಿದ್ದ ಹಾಗೆ, ಒಂದು ಪ್ಲಾಸ್ಟಿಕ್ ಎಳೆಯೊಳಗೆ ಇನ್ನೊಂದು ಪ್ಲಾಸ್ಟಿಕ್ಕಿನ ಅತಿ ಸಣ್ಣ ಎಳೆಗಳನ್ನು ಇಟ್ಟು ನೂಲು ತೆಗೆದರು. ಆಮೇಲೆ ಸಮುದ್ರವನ್ನು ಕರಗಿಸಿದರು. ಉಳಿದದ್ದು ರೇಷ್ಮೆಗಿಂತ ಸಣ್ಣ ಎಳೆಗಳು. ಅವನ್ನು ನೇಯುವುದಿಲ್ಲ. ಸೂಜಿಗಳಿಂದ ಚುಚ್ಚಿ ಚುಚ್ಚಿ ಕಂಬಳಿಯಂತೆ ಗಟ್ಟಿ ಮಾಡಿ, ಪಾಲಿಯುರೆಥೇನಿನಿಂದ ಬಂಧಿಸುತ್ತಾರೆ. ಜಪಾನಿನಲ್ಲಿ ತಯಾರಾಗುವುದು ಅಲ್ಟ್ರಾಸ್ವೇಡ್. 1972ರಲ್ಲಿ ಇಟಲಿಯಲ್ಲಿ ಶುರುವಾದ ಕಂಪನಿಯದ್ದು ಅಲ್ಕಾಂತಾರಾ. ಇದರಲ್ಲಿ ಸುಮಾರು 68 ಭಾಗ ಪಾಲಿಯೆಸ್ಟರ್, 32 ಭಾಗ ಪಾಲಿಯುರೆಥೇನ್. ಪ್ರಾಣಿಯ ಅಂಶ ಏನೇನೂ ಇಲ್ಲ. ಮರ್ಸಿಡಿಸ್ ಕಾರುಗಳಲ್ಲಿ ಬರುವ ಡಿನಾಮಿಕಾ ಕೂಡ ಇದೇ ಜಾತಿ. ಇಲ್ಲಿಂದ ಮುಂದೆ ಸ್ವೇಡ್ ಎಂದರೆ ಈ ಕೃತಕದ್ದೇ.

ಹಾಗಾಗಿ ಚರ್ಮವೇ ಬೇಡ ಎನ್ನುವ ಮನೆಯವರು ಸ್ವೇಡ್ ಅಂದ ಕೂಡಲೇ ಗಾಬರಿಯಾಗಬೇಕಿಲ್ಲ. ದೇವಸ್ಥಾನಕ್ಕೆ, ಮಠಕ್ಕೆ ಹೋಗುವ ಕಾರಿನಲ್ಲಿ ಚರ್ಮದ ಮೇಲೆ ಕೂರುವುದಿಲ್ಲ ಎನ್ನುವ ಹಿರಿಯರು ನಮ್ಮ ಕಡೆ ಬಹಳ ಮಂದಿ ಇದ್ದಾರೆ. ಅವರಿಗೆ ಹಳೇ ಲಕ್ಷುರಿ ಕಾರು ಕೊಳ್ಳುವಾಗ ಮಾತ್ರ ಎಚ್ಚರ ಬೇಕು. ಅಲ್ಲಿ ಇರುವುದು ಅಸಲಿ ಚರ್ಮವೇ ಇರಬಹುದು.

ಹೆಜ್ಜೆ 2: ತುಂಡು ಕೇಳಿ ಮನೆಗೆ ತನ್ನಿ

ಅಂಗೈ ಅಗಲದ ತುಂಡು ಕೊಡಿ ಎಂದು ಕೇಳಿ. ಕೊಡುವುದಿಲ್ಲ ಎಂದರೆ ಬೇರೆ ಅಂಗಡಿ ನೋಡಿ, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಅಂಗಡಿಗಳಿಗೆ ಬರ ಇಲ್ಲ.

ಮೊದಲು ಹಿಂಬದಿ ತಿರುಗಿಸಿ. ಚರ್ಮದ ಹಿಂಬದಿ ಎಳೆ ಎಳೆಯಾಗಿ, ಒರಟಾಗಿ ಇರುತ್ತದೆ. ಅಥಣಿಯ ಚಪ್ಪಲಿ ನೋಡಿದವರಿಗೆ ಇದು ತಕ್ಷಣ ಗೊತ್ತಾಗುತ್ತದೆ. ಬನಿಯನ್ ಬಟ್ಟೆಯಂಥ ಹೆಣಿಗೆ ಕಂಡರೆ ಅದು ಪಿಯು ಅಥವಾ ರೆಕ್ಸಿನ್. ಆಮೇಲೆ ಮೇಲ್ಮೈಯ ಗೀರುಗಳನ್ನು ನೋಡಿ. ಒಂದೇ ಚಿತ್ತಾರ ಅಚ್ಚು ಹಾಕಿದಂತೆ ಮತ್ತೆ ಮತ್ತೆ ಬಂದರೆ ಅನುಮಾನ ಪಡಿ. ಆದರೆ ಕಾರಿಗೆ ಬಳಸುವ ಅಸಲಿ ಚರ್ಮದ ಮೇಲೂ ಬಣ್ಣ ಬಳಿದು, ಅಚ್ಚು ಒತ್ತಿ, ತೆಳ್ಳನೆಯ ಪ್ಲಾಸ್ಟಿಕ್ ಲೇಪ ಕೊಟ್ಟಿರುತ್ತಾರೆ. ಆದ್ದರಿಂದ ಬರೀ ಮೇಲ್ಮೈ ನೋಡಿ ತೀರ್ಪು ಕೊಡಬೇಡಿ.

ಇನ್ನೂ ಸಂಶಯ ಇದ್ದರೆ ಹಿಂಬದಿಯ ಎರಡು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ, ಮನೆಯ ಹೊರಗೆ. ಚರ್ಮ ಕೂದಲು ಸುಟ್ಟ ವಾಸನೆ ಕೊಡುತ್ತದೆ. ಕೃತಕ ಎಳೆ ಕರಗಿ ಮಣಿಯಂತೆ ಗಟ್ಟಿಯಾಗುತ್ತದೆ.

ಸ್ವೇಡಿಗೆ ಕತ್ತರಿ ಪರೀಕ್ಷೆ. ಅಂಚನ್ನು ಕತ್ತರಿಸಿ ಉಗುರಿನಿಂದ ಕೆದಕಿ. ಒಳ್ಳೆಯ ಕೃತಕ ಸ್ವೇಡ್ ನೇಯ್ದದ್ದಲ್ಲ, ಅದರ ಅಂಚಿನಿಂದ ಉದ್ದುದ್ದ ದಾರ ಬಿಚ್ಚಿಕೊಳ್ಳುವುದಿಲ್ಲ. ದಾರ ಬಂತು ಅಂದರೆ ಅದು ಸೋಫಾ ಬಟ್ಟೆ. ಬೆರಳಿನಿಂದ ಒಂದು ಗೆರೆ ಎಳೆಯಿರಿ. ನವಿರು ಮಲಗಿ ಬಣ್ಣ ಗಾಢವಾಗಬೇಕು, ಎದುರು ದಿಕ್ಕಿಗೆ ಸವರಿದರೆ ತಿಳಿಯಾಗಬೇಕು. ಕೊನೆಗೆ ಒದ್ದೆ ಬಿಳಿ ಬಟ್ಟೆಯಿಂದ ಐವತ್ತು ಸಲ ಗಟ್ಟಿಯಾಗಿ ಉಜ್ಜಿ. ಬಟ್ಟೆಗೆ ಬಣ್ಣ ಹತ್ತಿದರೆ ನಾಳೆ ನಿಮ್ಮ ಬಿಳಿ ಅಂಗಿಗೂ ಹತ್ತುತ್ತದೆ. ಅಂಗಡಿಯಲ್ಲಿ ಅಲ್ಕಾಂತಾರಾ ಎಂದೇ ಹೇಳಿದರೆ ರೋಲಿನ ಲೇಬಲ್ ತೋರಿಸಿ ಎನ್ನಿ, ಬಿಲ್ಲಿನಲ್ಲೂ ಅದೇ ಹೆಸರು ಬರೆಸಿ. ಬರೆಯಲು ಹಿಂಜರಿದರೆ ಉತ್ತರ ಸಿಕ್ಕಿತು ಅಂತಲೇ ಅರ್ಥ.

ಹೆಜ್ಜೆ 3: ಬೆವರು, ಬಿಸಿಲು, ಮಳೆ

ಬೆವರಿಗೆ ಎರಡು ಮುಖ ಇವೆ. ಕೂತವರ ಬೆನ್ನಿಗೆ ಸ್ವೇಡ್ ಹಿತ. ಅದರ ನವಿರಿನ ನಡುವೆ ಗಾಳಿ ಇರುತ್ತದೆ, ಅಂಗಿ ಅಂಟಿಕೊಳ್ಳುವುದಿಲ್ಲ. ಲೇಪ ಇರುವ ಚರ್ಮಕ್ಕಾಗಲೀ ಪಿಯುಗಾಗಲೀ ಬೆವರು ಕುಡಿಯುವ ಶಕ್ತಿ ಇಲ್ಲ. ಅರ್ಧ ಗಂಟೆಯಲ್ಲಿ ಬೆನ್ನು ಒದ್ದೆ. ಆದರೆ ಸೀಟಿನ ಕಡೆಯಿಂದ ನೋಡಿದರೆ ಲೆಕ್ಕ ಉಲ್ಟಾ. ಸ್ವೇಡ್ ಕುಡಿದ ಬೆವರು ಅಲ್ಲೇ ಇರುತ್ತದೆ, ಉಪ್ಪು, ಎಣ್ಣೆ ಸಮೇತ. ಎಣ್ಣೆ ಸಿಕ್ಕ ನವಿರು ಮಲಗುತ್ತದೆ, ಮಲಗಿದ್ದು ಹೊಳೆಯುತ್ತದೆ. ತಲೆಗೆ ದಿನಾ ಕೊಬ್ಬರಿ ಎಣ್ಣೆ ಹಚ್ಚುವ ಮನೆಯಲ್ಲಿ ಹೆಡ್‌ರೆಸ್ಟಿಗೆ ಸ್ವೇಡ್ ಹಾಕಿಸಿದರೆ ಆರು ತಿಂಗಳಲ್ಲಿ ಯಾರು ಎಲ್ಲಿ ಕೂರುತ್ತಾರೆ ಎಂದು ಕಲೆ ನೋಡಿಯೇ ಹೇಳಬಹುದು.

ಬಿಸಿಲಿನದ್ದು ಊರಿನ ಮೇಲೆ ಹೋಗುತ್ತದೆ. ಕಲಬುರಗಿ, ರಾಯಚೂರು ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 60 ಡಿಗ್ರಿಯನ್ನೂ ಮೀರುತ್ತದೆ. ಕಪ್ಪು ಲೆದರ್ ಸೀಟಿನ ಮೇಲೆ ಚಡ್ಡಿ ಹಾಕಿದ ಮಗು ಕೂತರೆ ಕಿರುಚುತ್ತದೆ. ಸ್ವೇಡ್ ಅಷ್ಟು ಸುಡುವುದಿಲ್ಲ. ನವಿರಿನ ತುದಿಗಳಷ್ಟೇ ಮೈಗೆ ತಾಗುವುದರಿಂದ ಬಿಸಿ ಒಮ್ಮೆಲೇ ದಾಟುವುದಿಲ್ಲ. ಚರ್ಮ ವರ್ಷಾನುಗಟ್ಟಲೆ ಬಿಸಿಲು ತಿಂದರೆ ಒಣಗಿ, ಕುಗ್ಗಿ, ಹೊಲಿಗೆಯ ಹತ್ತಿರ ಬಿರುಕು ಬಿಡುತ್ತದೆ. ಸ್ವೇಡ್ ಬಿರುಕು ಬಿಡುವುದಿಲ್ಲ, ಆದರೆ ಬಣ್ಣ ಮಾಸುತ್ತದೆ. ಅಗ್ಗದ್ದು ಬೇಗ ಮಾಸುತ್ತದೆ. ಅಗ್ಗದ ಪಿವಿಸಿಯ ಇನ್ನೊಂದು ಕಾಟ ಎಂದರೆ, ಕಾದಾಗ ಅದರಲ್ಲಿರುವ ಮೆತ್ತನೆ ಮಾಡುವ ಎಣ್ಣೆ ಆವಿಯಾಗಿ ಮುಂದಿನ ಗಾಜಿನ ಒಳಗೆ ಜಿಡ್ಡಾಗಿ ಕೂರುತ್ತದೆ. ಎಷ್ಟು ಒರೆಸಿದರೂ ರಾತ್ರಿ ಎದುರು ಗಾಡಿಯ ಲೈಟ್ ಚದುರಿ ಕಾಣುತ್ತಿದ್ದರೆ ಒಂದು ಸಲ ಹೊಸ ಸೀಟ್ ಕವರನ್ನೂ ಅನುಮಾನಿಸಿ.

ಮಳೆಗಾಲದ್ದು ಕರಾವಳಿ, ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಜುಲೈನಲ್ಲಿ ಎರಡು ವಾರ ಕಾರು ತೆಗೆಯದೆ ಬಿಟ್ಟರೆ ಸೀಟಿನ ಮೇಲೆ ಬಿಳಿ ಬೂಷ್ಟು. ಚರ್ಮ ಜೀವದಿಂದ ಬಂದದ್ದು, ಬೂಷ್ಟಿಗೆ ಅದು ಊಟ. ಕೃತಕ ಎಳೆ ಊಟ ಅಲ್ಲ, ಆದರೆ ಅದರೊಳಗೆ ಸೇರಿದ ಬೆವರು, ಬಿಸ್ಕತ್ ಪುಡಿ ಊಟವೇ. ಜೊತೆಗೆ ಒದ್ದೆ ಛತ್ರಿ, ಒದ್ದೆ ಪ್ಯಾಂಟಿನ ನೀರನ್ನು ಸ್ವೇಡ್ ಹೀರಿ ಕೆಳಗಿನ ಫೋಮಿಗೆ ಇಳಿಸುತ್ತದೆ. ಆ ವಾಸನೆ ದೀಪಾವಳಿಯವರೆಗೂ ಹೋಗುವುದಿಲ್ಲ. ಪಿಯು ಕಥೆ ಬೇರೆ. ಅದಕ್ಕೆ ಬೂಷ್ಟಿಗಿಂತ ತೇವವೇ ಶತ್ರು. ಬಿಸಿ ಮತ್ತು ತೇವ ಸೇರಿದರೆ ಅಗ್ಗದ ಪಾಲಿಯುರೆಥೇನ್ ಒಳಗಿಂದಲೇ ಒಡೆಯುತ್ತದೆ. ಪೆಟ್ಟಿಗೆಯಲ್ಲಿ ಇಟ್ಟೇ ಇದ್ದ ಶೂ ಅಡಿ ಪುಡಿಪುಡಿಯಾಗುವುದಿಲ್ಲವೇ, ಅದೇ ಕಾರಣ. ಸೀಟಿನಲ್ಲಿ ಅದು ಸಿಪ್ಪೆ ಏಳುತ್ತದೆ. ಸಿಪ್ಪೆ ಎದ್ದ ಪಿಯುಗೆ ರಿಪೇರಿ ಇಲ್ಲ. ಚರ್ಮವಾದರೆ ಬಣ್ಣ ಹಚ್ಚಿಸಿ, ಬಿರುಕು ತುಂಬಿಸಿ ಇನ್ನಷ್ಟು ವರ್ಷ ಎಳೆಯಬಹುದು.

ಇಷ್ಟೆಲ್ಲದರ ಜೊತೆ ಮನೆಯಲ್ಲಿ ಯಾರಿದ್ದಾರೆ ಎನ್ನುವುದೂ ಇದೆ. ಸಣ್ಣ ಮಕ್ಕಳಿದ್ದರೆ ನಾನು ಸೀಟಿಗೆ ಸ್ವೇಡ್ ಬೇಡ ಎಂದೇ ಹೇಳುತ್ತೇನೆ. ಮೊಸರನ್ನ ಚೆಲ್ಲಿದ ಲೆದರನ್ನು ಒರೆಸಿ ಮರೆಯಬಹುದು. ಘಾಟ್ ರಸ್ತೆ ಜಾಸ್ತಿ ಓಡಿಸುವವರಿಗೆ ಸ್ವೇಡ್ ಚೆನ್ನ, ಚಾರ್ಮಾಡಿಯ ತಿರುವಿನಲ್ಲಿ ಮೈ ಜಾರುವುದಿಲ್ಲ. ಅದೇ ಹಿಡಿತ ಪಂಚೆ ಉಟ್ಟ ಅಜ್ಜನಿಗೆ ಕಷ್ಟ. ಲೆದರ್ ಮೇಲೆ ಜಾರಿಕೊಂಡು ಒಳಗೆ ಹೋಗುವವರು ಸ್ವೇಡ್ ಮೇಲೆ ಪಂಚೆ ಹಿಡಿದುಕೊಂಡು ಎದ್ದು ಎದ್ದು ಸರಿಯಬೇಕು. ನಾಯಿ ಇದ್ದರೆ? ಉಗುರಿನ ಗೀರು ಲೆದರಿನಲ್ಲಿ ಉಳಿಯುತ್ತದೆ, ಕೂದಲು ಸ್ವೇಡಿನಲ್ಲಿ ಉಳಿಯುತ್ತದೆ. ಯಾವುದು ತಡೆದುಕೊಳ್ಳುತ್ತೀರೋ ನೋಡಿ.

ಹೆಜ್ಜೆ 4: ಇಡೀ ಕಾರಿಗೆ ಒಂದೇ ಬೇಡ

ಕಾರಿನ ಒಳಗನ್ನು ತಾಗುವ ಜಾಗ, ತಾಗದ ಜಾಗ ಎಂದು ಭಾಗ ಮಾಡಿ. ಬರಿಗೈ, ಬರಿ ತಲೆ, ಮೊಣಕೈ ತಾಗುವ ಕಡೆಗೆಲ್ಲ ನುಣುಪಾದದ್ದು ಇರಲಿ. ಸ್ಟೇರಿಂಗ್, ಗೇರ್ ಹಿಡಿ, ಆರ್ಮ್‌ರೆಸ್ಟ್, ಹೆಡ್‌ರೆಸ್ಟ್, ಹತ್ತಿ ಇಳಿಯುವಾಗ ಉಜ್ಜುವ ಸೀಟಿನ ಹೊರ ಅಂಚು ಇವೆಲ್ಲ ಆ ಲೆಕ್ಕಕ್ಕೆ ಬರುತ್ತವೆ. ಸ್ಟೇರಿಂಗಿಗೆ ಮಾತ್ರ ಅಸಲಿ ಚರ್ಮಕ್ಕೆ ದುಡ್ಡು ಹಾಕಿ. ಬೇಕಾಗುವುದೇ ಸ್ವಲ್ಪ, ದಿನಾ ಮುಟ್ಟುವುದೂ ಅದನ್ನೇ.

ಬಟ್ಟೆ ಮಾತ್ರ ತಾಗುವ ಕಡೆ, ಅಂದರೆ ಸೀಟಿನ ನಡುಭಾಗ ಮತ್ತು ಬೆನ್ನಿನ ನಡುಭಾಗ, ಸ್ವೇಡ್ ಹಾಕಿಸಬಹುದು. ಬೆನ್ನಿಗೆ ಹಿತ, ಜಾರುವುದಿಲ್ಲ, ಕೊಳೆಯೂ ಅಷ್ಟು ಬೇಗ ಕಾಣುವುದಿಲ್ಲ. ಯಾರೂ ಮುಟ್ಟದ ಜಾಗವೇ ಸ್ವೇಡಿಗೆ ನಿಜವಾದ ಜಾಗ. ಬಾಗಿಲಿನ ಮೇಲ್ಭಾಗ, ಗಾಜುಗಳ ನಡುವಿನ ಕಂಬಗಳು, ಮೇಲ್ಛಾವಣಿಯ ಒಳಗು. ಹಳೇ ಕಾರುಗಳಲ್ಲಿ ರೂಫ್ ಬಟ್ಟೆ ಜೋತು ಬಿದ್ದಿರುತ್ತದೆ ಅಲ್ವಾ, ಅದನ್ನು ಹೇಗೂ ಬದಲಿಸಬೇಕು. ಆಗ ಸ್ವೇಡ್ ಹಾಕಿಸಿದರೆ ಕಾರಿನ ಒಳಗೇ ಬೇರೆ ಕಾಣುತ್ತದೆ. ಡ್ಯಾಶ್‌ಬೋರ್ಡ್ ಮೇಲೆ ಹಾಕಿದರೆ ಬೆಳಕು ಗಾಜಿಗೆ ಪ್ರತಿಫಲಿಸುವುದಿಲ್ಲ, ರೇಸ್ ಕಾರಿನಲ್ಲಿ ಹಾಕುವುದೂ ಅದಕ್ಕೇ. ಆದರೆ ನಮ್ಮ ಬಿಸಿಲಿಗೆ ಮೊದಲು ಮಾಸುವುದೂ ಅದೇ, ಧೂಳು ಕೂರುವುದೂ ಅಲ್ಲೇ. ನಾನು ಹಾಕಿಸಲಿಲ್ಲ.

ಬಣ್ಣದ ಬಗ್ಗೆ ಒಂದೇ ಮಾತು. ಬೀಜ್ ಬಣ್ಣದ ಸೀಟಿಗೆ ಹೊಸ ಜೀನ್ಸ್ ಪ್ಯಾಂಟಿನ ನೀಲಿ ಹತ್ತುತ್ತದೆ, ಲೆದರಿಗೂ ಸ್ವೇಡಿಗೂ.

ಹೆಜ್ಜೆ 5: ಏರ್‌ಬ್ಯಾಗ್. ಇಲ್ಲಿ ರಾಜಿ ಬೇಡ

ಮುಂದಿನ ಸೀಟಿನ ಹೊರಬದಿಯಲ್ಲಿ, ಬಾಗಿಲಿನ ಕಡೆ, ಏರ್‌ಬ್ಯಾಗ್ ಎಂದು ಬರೆದ ಸಣ್ಣ ಪಟ್ಟಿ ಇದೆಯೇ ನೋಡಿ. ಇದ್ದರೆ ಪಕ್ಕದ ಏರ್‌ಬ್ಯಾಗ್ ಸೀಟಿನೊಳಗೇ ಇದೆ. ಗುದ್ದಿದಾಗ ಅದು ಸೀಟಿನ ಹೊಲಿಗೆಯನ್ನು ಹರಿದುಕೊಂಡು ಹೊರಗೆ ಬರಬೇಕು, ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲ. ಮೇಲೆ ದಪ್ಪ ಪಿಯು ಕವರ್ ಬಿಗಿಯಾಗಿ ಹೊಲಿದಿದ್ದರೆ ಎಲ್ಲಿಂದ ಬರಬೇಕು? ಅಂಥ ಸೀಟಿಗೆ ಆ ಬದಿ ತೆರೆದಿರುವ ಕವರ್ ಬೇಕು, ಇಲ್ಲವೇ ಆ ಜಾಗದಲ್ಲಿ ಹರಿಯಲೆಂದೇ ಬೇರೆ ದಾರದಿಂದ ಹೊಲಿದ ಕವರ್ ಬೇಕು. "ಎಲ್ಲರೂ ಹಾಕಿಸ್ತಾರೆ ಸಾರ್, ಏನೂ ಆಗಲ್ಲ" ಎನ್ನುವವರಿಗೆ ನಮಸ್ಕಾರ ಹೇಳಿ ಹೊರಡಿ. ಕಾರ್ ಕಂಪನಿಯ ಆಕ್ಸೆಸರಿ ಕವರ್ ಸ್ವಲ್ಪ ದುಬಾರಿ, ಆದರೆ ಆ ಮಾಡೆಲ್ಲಿಗೇ ಅಂತ ಮಾಡಿದ್ದೇ ಎಂದು ಕೇಳಿ ಖಚಿತ ಮಾಡಿಕೊಳ್ಳಬಹುದು.

ಸೀಟು ಬಿಚ್ಚಿ ಹಳೇ ಹೊದಿಕೆ ತೆಗೆದು ಹೊಸದು ಹಾಕುವುದಾದರೆ, ಸೀಟಿನ ಅಡಿಯಲ್ಲಿ ಹಳದಿ ಬಣ್ಣದ ಕನೆಕ್ಟರ್ ಇರುತ್ತದೆ. ಅದು ಏರ್‌ಬ್ಯಾಗಿನದ್ದು. ಬ್ಯಾಟರಿ ತೆಗೆದು, ಕೆಲವು ನಿಮಿಷ ಬಿಟ್ಟು ಆಮೇಲೆ ಅದನ್ನು ಬಿಚ್ಚಬೇಕು. ಸೀಟು ಹೊರಗಿರುವಾಗ ಯಾರೂ ಕೀ ಆನ್ ಮಾಡಬಾರದು, ಮಾಡಿದರೆ ಏರ್‌ಬ್ಯಾಗ್ ಲೈಟ್ ಹತ್ತಿಕೊಂಡು ಸರ್ವಿಸ್ ಸೆಂಟರಿಗೆ ಓಡಬೇಕಾಗುತ್ತದೆ. ಸ್ಟೇರಿಂಗ್ ಬಿಚ್ಚುವುದಕ್ಕೂ ಇದೇ ನಿಯಮ.

ಸೀಟಿನಿಂದ ತಂಪು ಗಾಳಿ ಬರುವ ಕಾರಿಗೆ ಮೇಲಿಂದ ಕವರ್ ಹಾಕಿಸುವುದು ಫ್ಯಾನಿಗೆ ಬೆಡ್‌ಶೀಟ್ ಹೊದಿಸಿದ ಹಾಗೆ. ಹಾಕಿಸಲೇಬೇಕೆಂದರೆ ತೂತಿರುವುದನ್ನೇ ಆರಿಸಿ. ಮಗುವಿನ ಸೀಟು ಕಟ್ಟುವ ಐಸೋಫಿಕ್ಸ್ ಕೊಂಡಿಗಳು ಕವರಿನಡಿ ಹೂತು ಹೋಗಿಲ್ಲವೇ ಎಂದೂ ನೋಡಿಕೊಳ್ಳಿ.

ಹೆಜ್ಜೆ 6: ದುಡ್ಡಿನ ಲೆಕ್ಕ ಹೇಗೆ ಹಾಕುತ್ತಾರೆ

ಚರ್ಮ ಚದರಡಿ ಲೆಕ್ಕ, ಸ್ವೇಡ್ ಮತ್ತು ಪಿಯು ಮೀಟರ್ ಲೆಕ್ಕ. ಹೋಲಿಸುವಾಗ ಇಲ್ಲೇ ಮೋಸ ಹೋಗುವುದು. ಹಸುವಿನ ಚರ್ಮ ಚೌಕಾಕಾರ ಇರುವುದಿಲ್ಲ. ಹೊಟ್ಟೆ, ಕುತ್ತಿಗೆಯ ಭಾಗ ಸಡಿಲ, ಅಲ್ಲಲ್ಲಿ ಗಾಯದ ಗುರುತು. ಕತ್ತರಿಸುವಾಗ ಹೆಚ್ಚುಕಡಿಮೆ ಕಾಲು ಭಾಗ ವ್ಯರ್ಥ. ಆ ವ್ಯರ್ಥದ ದುಡ್ಡೂ ನಿಮ್ಮದೇ. ರೋಲಿನ ಬಟ್ಟೆಯಲ್ಲಿ ವ್ಯರ್ಥ ಕಡಿಮೆ, ಆದರೆ ಸ್ವೇಡಿಗೆ ನವಿರಿನ ದಿಕ್ಕು ಇದೆ. ಎಲ್ಲ ತುಂಡುಗಳೂ ಒಂದೇ ದಿಕ್ಕಿಗೆ ಕತ್ತರಿಸದಿದ್ದರೆ ಒಂದು ಸೀಟು ಗಾಢ, ಇನ್ನೊಂದು ತಿಳಿ ಕಾಣುತ್ತದೆ. ಕಟಿಂಗ್ ಮಾಡುವವರಿಗೆ "ಅಣ್ಣಾ, ನವಿರು ಎಲ್ಲಾ ಒಂದೇ ಕಡೆ ಬರಲಿ" ಎಂದು ಮೊದಲೇ ಹೇಳಿ. ಹೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ, ಗಿರಾಕಿಗೆ ಗೊತ್ತಿದೆ ಎಂದು ಇನ್ನೂ ಸ್ವಲ್ಪ ಜೋಪಾನ ಮಾಡುತ್ತಾರೆ.

ಕಾರನ್ನು ಇನ್ನು ಮೂರು ವರ್ಷಕ್ಕೆ ಮಾರುತ್ತೀರಿ ಎಂದರೆ ಒಳ್ಳೆಯ ಪಿಯು ಸಾಕು. ಹತ್ತು ವರ್ಷ ಇಟ್ಟುಕೊಳ್ಳುವವರು ಮಾತ್ರ ಚರ್ಮದ ಯೋಚನೆ ಮಾಡಿ.

ಹೆಜ್ಜೆ 7: ಹಾಕಿಸಿದ ಮೇಲೆ

ಲೆದರ್ ಸೀಟಿಗೆ ಕೊಬ್ಬರಿ ಎಣ್ಣೆ ಹಚ್ಚಬೇಡಿ. ಎಷ್ಟು ಜನ ಹಚ್ಚುತ್ತಾರೆ ಗೊತ್ತಾ! ಲೇಪ ಇರುವ ಚರ್ಮ ಎಣ್ಣೆ ಕುಡಿಯುವುದಿಲ್ಲ. ಅದು ಮೇಲೇ ನಿಂತು ಧೂಳು ಹಿಡಿಯುತ್ತದೆ, ಹೊಲಿಗೆ ತೂತಿನಲ್ಲಿ ಕಮಟು ವಾಸನೆ ಬರುತ್ತದೆ. ಪಳಪಳ ಹೊಳೆಸುವ ಸಿಲಿಕಾನ್ ಸ್ಪ್ರೇ ಕೂಡ ಬೇಡ, ಕೂತವರು ಜಾರುತ್ತಾರೆ. ಸ್ಯಾನಿಟೈಸರಿನ ಆಲ್ಕೋಹಾಲ್ ಲೇಪವನ್ನೇ ತಿನ್ನುತ್ತದೆ, ಹಚ್ಚಿಕೊಂಡ ಕೈ ಆರುವ ಮುಂಚೆ ಸ್ಟೇರಿಂಗ್ ಹಿಡಿಯಬೇಡಿ. ಹಿಂಡಿದ ಒದ್ದೆ ಬಟ್ಟೆ, ತಿಂಗಳಿಗೊಮ್ಮೆ ಲೆದರ್ ಕ್ಲೀನರ್, ಅಷ್ಟು ಸಾಕು. ಬೂಷ್ಟು ಬಂದರೆ ಮೂಗು ಮುಚ್ಚಿಕೊಂಡು, ಬಾಗಿಲುಗಳನ್ನೆಲ್ಲ ತೆರೆದು, ಬಿಸಿಲಿನಲ್ಲಿ ಒರೆಸಿ ಪೂರ್ತಿ ಒಣಗಿಸಿ.

ಸ್ವೇಡಿಗೆ ವಾರಕ್ಕೊಮ್ಮೆ ವ್ಯಾಕ್ಯೂಮ್, ಮೆತ್ತನೆ ಬ್ರಷ್. ತಿಂಗಳಿಗೊಮ್ಮೆ ಚೆನ್ನಾಗಿ ಹಿಂಡಿದ ಬಿಳಿ ಹತ್ತಿ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಬ್ರಷ್‌ನಿಂದ ನವಿರು ಎಬ್ಬಿಸಿ. ಕಾಫಿ ಚೆಲ್ಲಿದರೆ ಉಜ್ಜಬೇಡಿ, ಒತ್ತಿ ಹೀರಿಸಿ. ಕಲೆಯ ಹೊರಗಿನಿಂದ ಒಳಗೆ ಬನ್ನಿ, ಇಲ್ಲವಾದರೆ ಕಲೆ ಅಗಲವಾಗುತ್ತದೆ. ಅರಿಶಿನ ಬಿದ್ದರೆ ಪುಡಿಯನ್ನು ಒಣಗಿದ್ದಂತೆಯೇ ವ್ಯಾಕ್ಯೂಮ್ ಮಾಡಿ. ಉಳಿದ ಹಳದಿಯನ್ನು ಒರೆಸಿ ಬಿಸಿಲಿಗೆ ಬಿಡಿ, ಅರಿಶಿನದ ಬಣ್ಣ ಬಿಸಿಲಿಗೆ ತಾನಾಗಿ ಮಾಸುತ್ತದೆ. ಕುಂಕುಮಕ್ಕೆ ಆ ಗುಣ ಇಲ್ಲ. ನೀರು ತಾಗಿತೋ, ಕೆಂಪು ಒಳಗೆ ಇಳಿಯಿತು.

ಆಯುಧಪೂಜೆಯ ದಿನ ಅಮ್ಮ ಪ್ರತಿ ವರ್ಷ ಸ್ಟೇರಿಂಗಿಗೆ ಅರಿಶಿನ ಕುಂಕುಮ ಹಚ್ಚುತ್ತಾರೆ, ಬೇಡ ಎನ್ನಲು ಆಗುವುದಿಲ್ಲ. ಸ್ವೇಡ್ ಇದ್ದ ವರ್ಷ ಹಚ್ಚಿದ ಕುಂಕುಮ ಯುಗಾದಿಯವರೆಗೂ ಅಲ್ಲೇ ಇತ್ತು. ಕಳೆದ ಸಲ ಅದನ್ನು ಬಿಚ್ಚಿಸಿ ಕಪ್ಪು ಚರ್ಮ ಹೊಲಿಸಿದ್ದೆ. ಸಂಜೆ ಒದ್ದೆ ಬಟ್ಟೆಯಲ್ಲಿ ಒಂದೇ ಸಲ ಒರೆಸಿದೆ. ಅಮ್ಮನಿಗೆ ಮಾತ್ರ ಬೇಜಾರು, "ಇಷ್ಟು ಬೇಗ ಅಳಿಸಿದೆಯಲ್ಲೋ" ಎಂದರು.